ಮಗು ಹೇಗಿದೆ ಅಂತ ಕೇಳಿದ್ದೀರಿ, ತಾಯಿ ಹೇಗಿದ್ದಾಳೆ?

ಕೂತ್ಕೊಳ್ಳಿ. ಆರಾಧನೆಯಲ್ಲಿ ದೇವರ ಪ್ರಸನ್ನತೆ ನಮ್ಮ ಮಧ್ಯದಲ್ಲಿ ಇತ್ತು, ಅದಕ್ಕಾಗಿ ಆತನಿಗೆ ಸ್ತೋತ್ರ. ಈಗ ವಾಕ್ಯಕ್ಕೆ ಹೋಗೋಣ.

ಇವತ್ತು ಮೂರು ಭಾಗಗಳನ್ನು ತೆಗೆದಿಟ್ಟುಕೊಳ್ಳಿ. 1 ಸಮುವೇಲ 1ನೇ ಅಧ್ಯಾಯ, ಅದೇ ಪುಸ್ತಕದ 4ನೇ ಅಧ್ಯಾಯದ ಕೊನೆಯ ನಾಲ್ಕು ವಚನಗಳು, ಆಮೇಲೆ ಲೂಕ 1ನೇ ಅಧ್ಯಾಯ. ಮನೆಗೆ ಹೋಗಿ ಪೂರ್ತಿ ಓದಿ. ಇಲ್ಲಿ ನಾನು ಕಥೆಯಾಗಿ ಹೇಳ್ತೀನಿ.

ಈ ಸಭೆಯಲ್ಲಿ ಹೆಚ್ಚಿನವರು ಇಪ್ಪತ್ತೈದರಿಂದ ಮೂವತ್ತೈದು ವಯಸ್ಸಿನ ಒಳಗಿನವರು. ಆದ್ದರಿಂದ ನಮ್ಮಲ್ಲಿ ಮದುವೆಗಳು ಜಾಸ್ತಿ, ಮಗುವಿನ ಪ್ರತಿಷ್ಠೆಯ ಪ್ರಾರ್ಥನೆಗಳೂ ಜಾಸ್ತಿ. ಹಲ್ಲೆಲೂಯ! ಅಪ್ಪ ಅಮ್ಮ ಮಗುವನ್ನು ಎತ್ತಿಕೊಂಡು ಮುಂದೆ ಬರ್ತಾರೆ, ನಾವು ಪ್ರಾರ್ಥಿಸುತ್ತೇವೆ, ಫೋಟೊ ಆಗುತ್ತೆ, ಕೇಕ್ ಆಗುತ್ತೆ. ಆಮೇಲೆ ಎಲ್ಲರೂ ಮಗುವನ್ನು ಸುತ್ತಿಕೊಂಡು ಕೇಳೋ ಪ್ರಶ್ನೆಗಳು ನಿಮಗೇ ಗೊತ್ತು. ಮಗು ಹೇಗಿದೆ? ತೂಕ ಎಷ್ಟು? ಯಾರ ಹಾಗಿದೆ? ರಾತ್ರಿ ನಿದ್ದೆ ಮಾಡುತ್ತಾ? ಒಳ್ಳೆಯ ಪ್ರಶ್ನೆಗಳೇ. ಆದರೆ ಆ ಮಗುವನ್ನು ಹಿಡಿದು ನಿಂತಿರುವ ಹೆಣ್ಣುಮಗಳ ಮುಖ ನೋಡಿ, ಅವಳ ಪಕ್ಕ ಕೂತು, "ನೀನು ಹೇಗಿದ್ದೀಯಮ್ಮ?" ಅಂತ ಕೇಳಿ, ಅವಳು ಉತ್ತರ ಹೇಳಿ ಮುಗಿಸೋ ತನಕ ಕಾದವರು ಎಷ್ಟು ಜನ?

ಇವತ್ತಿನ ಸಂದೇಶ ಅದೊಂದೇ. ಬಸುರಿ ಹೆಂಗಸಿಗೂ ಬಾಣಂತಿಗೂ ದೇವರ ಸಭೆ ತವರು ಮನೆ ಆಗಬೇಕು. ತವರು ಅಂದ್ರೆ ಏನು? ಮುಖಕ್ಕೆ ನಗು ಹಚ್ಚಿಕೊಳ್ಳದೆ ಒಳಗೆ ಬರಬಹುದಾದ ಮನೆ. ಬಂದು ಮಲಗಿಬಿಡಬಹುದಾದ ಮನೆ. ಯಾಕೆ ಅಳ್ತಿದ್ದೀಯ ಅಂತ ಬೈಯದೆ, ಊಟ ಹಾಕಿ ಕೇಳೋ ಮನೆ.

ಮಾತಾಡಿದರು, ಅವಳ ಕಡೆ ನೋಡಲಿಲ್ಲ

ಮೊದಲು 1 ಸಮುವೇಲ 4ನೇ ಅಧ್ಯಾಯ. ಇದರ ಮೇಲೆ ಪ್ರಸಂಗ ಮಾಡಿದಾಗೆಲ್ಲ ನಾವು ಯುದ್ಧದ ಬಗ್ಗೆ, ಮಂಜೂಷದ ಬಗ್ಗೆ ಮಾತಾಡ್ತೇವೆ. ಕೊನೆಯಲ್ಲಿರುವ ಒಬ್ಬ ಹೆಂಗಸನ್ನು ದಾಟಿ ಹೋಗಿಬಿಡ್ತೇವೆ. ಅವಳ ಹೆಸರೂ ಅಲ್ಲಿಲ್ಲ. ಯಾಜಕ ಏಲಿಯ ಸೊಸೆ, ಫೀನೆಹಾಸನ ಹೆಂಡತಿ, ತುಂಬು ಗರ್ಭಿಣಿ. ಒಂದೇ ದಿನ ಅವಳಿಗೆ ಮೂರು ಸುದ್ದಿ ಬಂತು. ದೇವರ ಮಂಜೂಷ ಶತ್ರುಗಳ ಕೈಗೆ ಹೋಯಿತು. ಗಂಡ ಸತ್ತ. ಮಾವ ಸತ್ತರು. ಆ ಆಘಾತಕ್ಕೆ ನೋವು ಶುರುವಾಯಿತು, ಹೆರಿಗೆ ಆಯಿತು, ಅವಳು ಸಾಯುವ ಸ್ಥಿತಿಗೆ ಬಂದಳು.

ಸುತ್ತ ಹೆಂಗಸರಿದ್ದರು. ಕೆಟ್ಟವರಲ್ಲ, ಸಹಾಯಕ್ಕೆ ಬಂದವರು. ಅವರು ಅವಳಿಗೆ ಏನು ಹೇಳಿದರು? ಹೆದರಬೇಡ, ನಿನಗೆ ಗಂಡು ಮಗು ಆಗಿದೆ ಅನ್ನೋ ಅರ್ಥದ ಮಾತು. ಅವಳು ಉತ್ತರ ಕೊಡಲಿಲ್ಲ, ಆ ಮಾತಿಗೆ ಗಮನವನ್ನೂ ಕೊಡಲಿಲ್ಲ ಅಂತ ಬರೆದಿದೆ. ಮಗುವಿಗೆ ಈಕಾಬೋದ್ ಅಂತ ಹೆಸರಿಟ್ಟಳು. ಮಹಿಮೆ ಹೋಯಿತು ಅನ್ನೋ ಅರ್ಥ.

ದೇವಜನರೇ, ಮೂರು ಸಾವಿರ ವರ್ಷಗಳ ಹಿಂದಿನ ಆ ಮಾತು ಇವತ್ತಿಗೂ ನಮ್ಮ ಮನೆಗಳಲ್ಲಿ ಹಾಗೇ ಇದೆ. "ಮಗು ಚೆನ್ನಾಗಿದೆಯಲ್ಲ, ಇನ್ನೇನು ಕೊರತೆ?" "ಎಷ್ಟೋ ಜನಕ್ಕೆ ಮಕ್ಕಳೇ ಇಲ್ಲ, ನಿನಗೆ ದೇವರು ಕೊಟ್ಟಿದ್ದಾನೆ, ಸ್ತೋತ್ರ ಹೇಳು." "ನಾವೆಲ್ಲ ಹೆತ್ತಿಲ್ವಾ?" ಹೇಳೋರ ಉದ್ದೇಶ ಒಳ್ಳೆಯದೇ. ಆದರೆ ಅದು ಕೇಳಿದ ಕೂಡಲೇ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಇನ್ನು ಮುಂದೆ ಹೇಳಿದರೆ ಕೃತಜ್ಞತೆ ಇಲ್ಲದವಳು ಅಂತಾರೆ ಅಂತ ಅವಳಿಗೆ ಗೊತ್ತಾಯಿತು.

ಈ ಊರಲ್ಲಿ ಅದು ಇನ್ನೂ ಕಷ್ಟ. ಮೊದಲೆಲ್ಲ ಏಳನೇ ತಿಂಗಳಿಗೆ ತವರಿಗೆ ಕರೆದುಕೊಂಡು ಹೋಗ್ತಿದ್ರು. ಮೂರು ತಿಂಗಳು, ಐದು ತಿಂಗಳು ಬಾಣಂತನ. ಎಣ್ಣೆ ಹಚ್ಚಿ ನೀರು ಹಾಕೋಕೆ ಒಬ್ಬರು, ಮೆಣಸಿನ ಸಾರು ಮಾಡೋಕೆ ಒಬ್ಬರು, ರಾತ್ರಿ ಮಗು ಎತ್ತಿಕೊಳ್ಳೋಕೆ ಅಜ್ಜಿ. ಇವತ್ತು ಬೆಂಗಳೂರಲ್ಲಿ ಒಂದು ಬೆಡ್‌ರೂಮಿನ ಮನೆ, ಗಂಡನಿಗೆ ನೈಟ್ ಶಿಫ್ಟ್, ಅಮ್ಮ ಹದಿನೈದು ದಿನಕ್ಕೆ ಬಂದು ಹೋಗಿದ್ದಾರೆ. ಇನ್ನು ಕೆಲವರಿಗೆ ತವರೇ ಇಲ್ಲ. ನಮ್ಮಲ್ಲೇ ಎಷ್ಟೋ ಸಿಸ್ಟರ್‌ಗಳು ರಕ್ಷಣೆ ಹೊಂದಿದ ಮೇಲೆ ಮನೆಯವರ ಜೊತೆ ಮಾತುಕತೆ ನಿಂತುಹೋಗಿದೆ. ಬೇರೆ ಜಾತಿಯವರನ್ನು ಮದುವೆ ಆದರು ಅಂತ ಬಾಗಿಲು ಮುಚ್ಚಿದವರಿದ್ದಾರೆ. ಅಂಥವಳಿಗೆ ಬಾಣಂತನ ಮಾಡೋರು ಯಾರು? ಯೇಸುವಿನ ಹತ್ತಿರ ಬಾ, ನಾವೇ ನಿನ್ನ ಕುಟುಂಬ ಅಂತ ದೀಕ್ಷಾಸ್ನಾನದ ದಿನ ಹೇಳಿದವರು ನಾವು. ಆ ಮಾತಿನ ಲೆಕ್ಕ ದೇವರು ನಮ್ಮನ್ನು ಕೇಳ್ತಾನೆ.

ಏಲಿ ನೋಡಿದ, ತಪ್ಪು ತಿಳಿದುಕೊಂಡ

ಈಗ ಅದೇ ಪುಸ್ತಕದ 1ನೇ ಅಧ್ಯಾಯ. ಹನ್ನಳು. ಮಕ್ಕಳಿಲ್ಲದ ದುಃಖ, ಮೇಲೆ ಪೆನಿನ್ನಳ ಚುಚ್ಚುಮಾತು. ಗಂಡ ಎಲ್ಕಾನ ಪ್ರೀತಿಸುತ್ತಿದ್ದ, ಆದರೆ ಅವನ ಸಮಾಧಾನವೂ ಹೇಗಿತ್ತು ನೋಡಿ: ಹತ್ತು ಮಕ್ಕಳಿಗಿಂತ ನಾನೇ ಹೆಚ್ಚಲ್ಲವಾ ಅಂದ. ಬ್ರದರ್, ಹೆಂಡತಿ ಅಳುವಾಗ ನಿಮ್ಮ ಬಗ್ಗೆ ಮಾತಾಡಬೇಡಿ. (ಸಭೆಯಲ್ಲಿ ನಗು) ನಗ್ತಿದ್ದೀರಿ, ಆದರೆ ನಿಜ.

ಅವಳು ಶೀಲೋವಿನ ಆಲಯಕ್ಕೆ ಬಂದು ಪ್ರಾರ್ಥಿಸಿದಳು. ತುಟಿ ಅಲುಗಾಡುತ್ತಿತ್ತು, ಶಬ್ದ ಇಲ್ಲ. ಬಾಗಿಲ ಬಳಿ ಕೂತಿದ್ದ ಯಾಜಕ ಏಲಿ ಅವಳ ಬಾಯನ್ನು ಗಮನಿಸಿದ, ಕುಡಿದಿದ್ದಾಳೆ ಅಂತ ತೀರ್ಮಾನ ಮಾಡಿದ, ಬೈದ. ಆಲಯದಲ್ಲಿ, ದೇವರ ಸೇವಕನಿಂದ, ಒಡೆದ ಹೃದಯದ ಹೆಂಗಸಿಗೆ ಸಿಕ್ಕ ಮೊದಲ ಮಾತು ಅದು. ಆದರೆ ಹನ್ನಳು ಹೇಳಿದಳು, ಇಲ್ಲ ಸ್ವಾಮಿ, ನಾನು ಮನನೊಂದವಳು ಅಂತ. ಆಗ ಏಲಿ ಒಂದು ಒಳ್ಳೆಯ ಕೆಲಸ ಮಾಡಿದ. ವಾದ ಮಾಡಲಿಲ್ಲ. ಅವಳ ಮಾತನ್ನು ನಂಬಿದ. ಸಮಾಧಾನದಿಂದ ಹೋಗು ಅಂತ ಆಶೀರ್ವದಿಸಿದ. ಅವಳು ಹೋಗಿ ಊಟ ಮಾಡಿದಳು, ಮುಖ ಬದಲಾಯಿತು. ಗಮನಿಸಿ, ಆಗ ಅವಳಿನ್ನೂ ಗರ್ಭಿಣಿ ಆಗಿರಲಿಲ್ಲ. ಏನೂ ಸಿಕ್ಕಿರಲಿಲ್ಲ. ದೇವರ ಮುಂದೆ ಹೃದಯ ಸುರಿದಿದ್ದಳು, ಒಬ್ಬ ಮನುಷ್ಯ ಅದನ್ನು ಕೇಳಿದ್ದ. ಅಷ್ಟಕ್ಕೇ ಅವಳ ಹೊಟ್ಟೆಗೆ ಅನ್ನ ಇಳಿಯಿತು.

ನಮ್ಮ ಪೆಂಟೆಕೋಸ್ಟಲ್ ಸಭೆಗಳಲ್ಲಿ ಏಲಿಯ ಮೊದಲ ಮಾತು ಬೇರೆ ರೂಪದಲ್ಲಿ ಬರುತ್ತೆ. ಬಾಣಂತಿ ಸುಮ್ಮನೆ ಅಳ್ತಾಳೆ, ಮಗು ಕಡೆ ನೋಡಲ್ಲ, ನಿದ್ದೆ ಇಲ್ಲ. ಕೂಡಲೇ ಯಾರಾದರೂ ಹೇಳ್ತಾರೆ, "ವಿಶ್ವಾಸ ಕಡಿಮೆ ಆಗಿದೆ." ಇನ್ನೊಬ್ಬರು, "ಪ್ರಾರ್ಥನೆ ಬಿಟ್ಟಿದ್ದಾಳೆ." ಮತ್ತೊಬ್ಬರು, "ದುರಾತ್ಮದ ಕೆಲಸ, ಉಪವಾಸ ಮಾಡಿಸಿ." ಪ್ರಿಯರೇ, ಹಾಲುಣಿಸುವ ತಾಯಿಗೆ ಉಪವಾಸ ಮಾಡಿಸಬೇಡಿ. ಅವಳಿಗೋಸ್ಕರ ನೀವು ಉಪವಾಸ ಮಾಡಿ, ಆ ಊಟ ತಗೊಂಡು ಹೋಗಿ ಅವಳಿಗೆ ಕೊಡಿ. ಆಮೆನ್ ಹೇಳ್ತೀರಾ?

ನಾನು ಡಾಕ್ಟರ್ ಅಲ್ಲ. ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿದವನು. ಆದರೆ ಕುರಿಗಳನ್ನು ಕಾಯುವವನು ಕುರಿಗೆ ಬರೋ ಕಾಯಿಲೆಯ ಹೆಸರಾದರೂ ತಿಳಿದಿರಬೇಕಲ್ಲ? ಆದ್ದರಿಂದ ಡಾಕ್ಟರುಗಳು ಹೇಳೋದನ್ನು ಸರಳವಾಗಿ ಹೇಳ್ತೀನಿ. ಬರೆದುಕೊಳ್ಳಿ.

ಒಂದು. ಹೆರಿಗೆ ಆಗಿ ಮೂರ್ನಾಲ್ಕು ದಿನಕ್ಕೆ ಸುಮ್ಮಸುಮ್ಮನೆ ಅಳು, ಸಿಡಿಮಿಡಿ, ಮನಸ್ಸು ಏರುಪೇರು. ಇದು ಹೆಚ್ಚಿನ ತಾಯಂದಿರಿಗೆ ಬರುತ್ತೆ. ಹಾರ್ಮೋನುಗಳು ತಟ್ಟನೆ ಇಳಿಯುತ್ತವೆ, ನಿದ್ದೆ ಇರಲ್ಲ, ದೇಹ ನೋಯುತ್ತೆ. ವಿಶ್ರಾಂತಿ, ಆಸರೆ ಸಿಕ್ಕರೆ ಎರಡು ವಾರದೊಳಗೆ ತಾನೇ ಹೋಗುತ್ತೆ.

ಎರಡು. ಎರಡು ವಾರ ದಾಟಿಯೂ ದುಃಖ ಹೋಗದಿದ್ದರೆ, ಯಾವುದರಲ್ಲೂ ಸಂತೋಷ ಇಲ್ಲದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬರದಿದ್ದರೆ, ನಾನು ಕೆಟ್ಟ ತಾಯಿ ಅನ್ನೋ ಯೋಚನೆ ಬಿಡದಿದ್ದರೆ, ಅದು ಪ್ರಸವಾನಂತರದ ಖಿನ್ನತೆ ಇರಬಹುದು. ಬಸುರಿಯಾಗಿರುವಾಗಲೂ ಬರಬಹುದು. ಅದು ಕಾಯಿಲೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಹೇಗೋ ಹಾಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಜಗತ್ತಿನಲ್ಲಿ ಹೆರಿಗೆಯಾದ ನೂರು ಹೆಂಗಸರಲ್ಲಿ ಸುಮಾರು 13 ಜನಕ್ಕೆ ಮಾನಸಿಕ ತೊಂದರೆ ಬರುತ್ತೆ, ಅದರಲ್ಲಿ ಮುಖ್ಯವಾದದ್ದು ಖಿನ್ನತೆ. ನಮ್ಮ ದೇಶದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಸೇರಿಸಿ ನೋಡಿದ ವರದಿಯೊಂದು 2017ರಲ್ಲಿ ಬಂತು. ಅದರಲ್ಲಿ ಸಿಕ್ಕ ಲೆಕ್ಕ ನೂರಕ್ಕೆ 22. ಅಂದ್ರೆ ಐವರು ತಾಯಂದಿರಲ್ಲಿ ಒಬ್ಬಳು. ನಮ್ಮಲ್ಲಿ ಈ ವರ್ಷ ಹತ್ತು ಮಕ್ಕಳ ಪ್ರತಿಷ್ಠೆ ಆದರೆ, ಆ ಹತ್ತು ತಾಯಂದಿರಲ್ಲಿ ಇಬ್ಬರು ಇದನ್ನು ಒಳಗೇ ಹೊತ್ತುಕೊಂಡು ಮುಂದೆ ಬಂದು ನಿಂತಿರಬಹುದು. ನಾವು ಮಗುವಿನ ಫೋಟೊ ತೆಗೀತಾ ಇರ್ತೇವೆ.

ಮೂರು. ಇದು ಅಪರೂಪ, ಆದರೆ ತಡಮಾಡುವ ಹಾಗಿಲ್ಲ. ಸಾವಿರ ಹೆರಿಗೆಗಳಲ್ಲಿ ಒಂದೆರಡು ತಾಯಂದಿರಿಗೆ, ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ, ಮನಸ್ಸು ತೀವ್ರವಾಗಿ ಕದಡುತ್ತೆ. ಯಾರೂ ಇಲ್ಲದಾಗ ಧ್ವನಿ ಕೇಳಿಸುತ್ತೆ, ಇಲ್ಲದ್ದನ್ನು ಇದೆ ಅಂತಾಳೆ, ದಿನಗಟ್ಟಲೆ ನಿದ್ದೆ ಇಲ್ಲ, ಮಗುವಿನ ಬಗ್ಗೆ ವಿಚಿತ್ರವಾದ ಮಾತು. ಇಲ್ಲಿ ನಮ್ಮ ಸಭೆಗಳವರು ಹೆಚ್ಚು ಎಡವುತ್ತಾರೆ, ಅದಕ್ಕೇ ಸ್ಪಷ್ಟವಾಗಿ ಹೇಳ್ತೀನಿ. ಅದನ್ನು ದರ್ಶನ ಅಂತಲೂ ಅನ್ನಬೇಡಿ, ದೆವ್ವ ಅಂತಲೂ ಅನ್ನಬೇಡಿ. ಬಿಡುಗಡೆ ಪ್ರಾರ್ಥನೆ ಅಂತ ರಾತ್ರಿಯಿಡೀ ಕೂರಿಸಬೇಡಿ. ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದಾರಿಯಲ್ಲಿ ಪ್ರಾರ್ಥನೆ ಮಾಡಿ, ಗಾಡಿ ಮಾತ್ರ ನಿಲ್ಲಿಸಬೇಡಿ. ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡಬೇಡಿ.

ದೇವರು ಸೌಖ್ಯ ಕೊಡುವಾತನು ಅಂತ ನಾನು ನಂಬ್ತೀನಿ. ಕೈಯಿಟ್ಟು ಪ್ರಾರ್ಥಿಸ್ತೀನಿ, ಇನ್ನೂ ಪ್ರಾರ್ಥಿಸ್ತೀನಿ. ಆದರೆ ಪೌಲನ ಜೊತೆ ಯಾರಿದ್ದ? ಪ್ರಿಯ ವೈದ್ಯನಾದ ಲೂಕ. ಕೊಲೊಸ್ಸೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿದೆ. ಕರವಸ್ತ್ರದ ಮೂಲಕ ಅದ್ಭುತಗಳು ನಡೆದ ಪೌಲನೇ ತನ್ನ ತಂಡದಲ್ಲಿ ಒಬ್ಬ ಡಾಕ್ಟರನ್ನು ಪ್ರೀತಿಯಿಂದ ಇಟ್ಟುಕೊಂಡಿದ್ದ. ಹಾಗಾದರೆ ಸೈಕಿಯಾಟ್ರಿಸ್ಟ್ ಹತ್ತಿರ ಹೋಗುವ ಸಿಸ್ಟರನ್ನು ಅವಿಶ್ವಾಸಿ ಅನ್ನೋಕೆ ನಮಗೆ ಅಧಿಕಾರ ಎಲ್ಲಿಂದ ಬಂತು? ಡಾಕ್ಟರ್ ಕೊಟ್ಟ ಮಾತ್ರೆಯನ್ನು ವಿಶ್ವಾಸದ ಹೆಸರಲ್ಲಿ ನಿಲ್ಲಿಸು ಅಂತ ಯಾರೂ ಯಾರಿಗೂ ಹೇಳಬೇಡಿ. ಹಾಲುಣಿಸುವಾಗಲೂ ತಗೊಳ್ಳಬಹುದಾದ ಔಷಧಿಗಳಿವೆ, ಯಾವುದು ಸರಿ ಅಂತ ಡಾಕ್ಟರ್ ಹೇಳ್ತಾರೆ. ಎಷ್ಟೋ ಜನಕ್ಕೆ ಔಷಧಿ ಬೇಕಾಗೋದೂ ಇಲ್ಲ. ಕೌನ್ಸೆಲರ್ ಹತ್ತಿರ ಕೆಲವು ವಾರ ಕೂತು ಮಾತಾಡೋದು, ನಿದ್ದೆ, ಮನೆಯವರ ಆಸರೆ, ಇಷ್ಟರಲ್ಲೇ ಚೇತರಿಸಿಕೊಳ್ಳುತ್ತಾರೆ.

ಎಲಿಸಬೇತಳ ಬಾಗಿಲು

ಈಗ ಆ ಡಾಕ್ಟರ್ ಲೂಕನೇ ಬರೆದ ಸುವಾರ್ತೆಗೆ ಬನ್ನಿ. 1ನೇ ಅಧ್ಯಾಯ. ಮರಿಯಳು ನಜರೇತಿನ ಹುಡುಗಿ. ಮದುವೆ ಗೊತ್ತಾಗಿದೆ, ಮದುವೆ ಆಗಿಲ್ಲ, ಗರ್ಭಿಣಿ. ನಮಗೆ ಇದು ಕ್ರಿಸ್‌ಮಸ್ ಕಥೆ. ಅವಳಿಗೆ ಅದು ಊರು ಬಾಯಿಗೆ ಬಂದ ಹಾಗೆ ಮಾತಾಡಬಹುದಾದ ಪರಿಸ್ಥಿತಿ. ದೇವದೂತ ಬಂದಿದ್ದ, ಪವಿತ್ರಾತ್ಮನ ವಾಗ್ದಾನ ಇತ್ತು. ಆದರೂ ಅವಳು ಏನು ಮಾಡಿದಳು? ಎದ್ದು, ಬೇಗನೆ, ಬೆಟ್ಟದ ಸೀಮೆಗೆ ಹೊರಟಳು. ದಿನಗಟ್ಟಲೆ ದಾರಿ. ಯಾಕೆ? ತನ್ನನ್ನು ಅರ್ಥ ಮಾಡಿಕೊಳ್ಳುವ ಇನ್ನೊಬ್ಬ ಬಸುರಿ ಹೆಂಗಸಿನ ಮನೆಗೆ. ದೇವದೂತನೇ ಆ ಹೆಸರನ್ನು ಹೇಳಿದ್ದ. ಅಂದ್ರೆ ದೇವರು ಅವಳಿಗೆ ವಾಗ್ದಾನವನ್ನೂ ಕೊಟ್ಟ, ಹೋಗೋಕೆ ಒಂದು ಮನೆಯ ಗುರುತನ್ನೂ ಕೊಟ್ಟ.

ಎಲಿಸಬೇತಳಿಗೂ ಕಷ್ಟ ಇತ್ತು. ವಯಸ್ಸಾಗಿದೆ, ಆರನೇ ತಿಂಗಳು, ಗಂಡ ಜಕರೀಯನಿಗೆ ಮಾತು ಬರ್ತಿಲ್ಲ. ಮೊದಲ ಐದು ತಿಂಗಳು ಅವಳು ಮರೆಯಾಗಿದ್ದಳು ಅಂತ ಲೂಕ ಬರೀತಾನೆ. ಮರಿಯಳು ಬಾಗಿಲಲ್ಲಿ ನಿಂತು ವಂದನೆ ಹೇಳಿದಾಗ ಅವಳು ವಿಚಾರಣೆ ಶುರು ಮಾಡಲಿಲ್ಲ. ಇದು ಯಾವಾಗ ಆಯಿತು, ಯೋಸೇಫನಿಗೆ ಗೊತ್ತಾ, ಊರವರು ಏನಂತಾರೆ ಅಂತ ಕೇಳಲಿಲ್ಲ. ಮೊದಲು ಆಶೀರ್ವದಿಸಿದಳು. ಅವಳ ಬಾಯಿಂದ ಆಶೀರ್ವಾದ ಬಂದ ಮೇಲೆ ಮರಿಯಳ ಬಾಯಿಂದ ಹಾಡು ಬಂತು. ಆ ಮನೆಯಲ್ಲಿ ಮರಿಯಳು ಎಷ್ಟು ದಿನ ಇದ್ದಳು? ಸುಮಾರು ಮೂರು ತಿಂಗಳು. ಲೂಕ ಅದನ್ನು ಲೆಕ್ಕ ಇಟ್ಟು ಬರೆದಿದ್ದಾನೆ. ಹತ್ತು ನಿಮಿಷದ ಭೇಟಿ, ಒಂದು ಪ್ಯಾಕೆಟ್ ಹಾರ್ಲಿಕ್ಸ್, ಒಂದು ಪ್ರಾರ್ಥನೆ, ಒಂದು ಸೆಲ್ಫಿ, ಅಷ್ಟಕ್ಕೇ ಮುಗಿಸಲಿಲ್ಲ. ಮೂರು ತಿಂಗಳು ಜೊತೆಗಿರುವ ಸೇವೆ.

ಇದರಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. ನಮ್ಮ ಮಧ್ಯದಲ್ಲಿ ಮದುವೆಗೆ ಮುಂಚೆ ಗರ್ಭಿಣಿಯಾದ ಹುಡುಗಿ ಇರಬಹುದು. ಪಿಜಿ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಸಾಯೋ ಯೋಚನೆ ಮಾಡ್ತಿರಬಹುದು. ತಂಗಿ, ನೀನು ಇದನ್ನು ಕೇಳ್ತಾ ಇದ್ದರೆ, ಈ ಸಭೆ ನಿನ್ನನ್ನು ವೇದಿಕೆ ಮೇಲೆ ನಿಲ್ಲಿಸಿ ಅವಮಾನ ಮಾಡೋದಿಲ್ಲ. ಪಾಪದ ಬಗ್ಗೆ, ಪಶ್ಚಾತ್ತಾಪದ ಬಗ್ಗೆ ಮಾತಾಡೋಕೆ ಸಮಯ ಇದೆ. ಮೊದಲು ನೀನು ಊಟ ಮಾಡು, ಡಾಕ್ಟರಿಗೆ ತೋರಿಸು, ಪಾಸ್ಟರಮ್ಮನ ಹತ್ತಿರ ಬಂದು ಕೂತ್ಕೋ. ಮಗುವನ್ನು ಸಾಕಲು ಆಗುವುದೇ ಇಲ್ಲ ಅನ್ನೋ ಪರಿಸ್ಥಿತಿ ಬಂದರೂ ಕಾನೂನಿನಲ್ಲಿ ದಾರಿ ಇದೆ. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ ಇರುತ್ತೆ. ಅವರ ಮುಂದೆ ಮಗುವನ್ನು ಒಪ್ಪಿಸಬಹುದು, ಅವರು ಕೌನ್ಸೆಲಿಂಗ್ ಕೊಡ್ತಾರೆ, ಮನಸ್ಸು ಬದಲಾದರೆ ಮಗುವನ್ನು ವಾಪಸ್ ಪಡೆಯೋಕೆ 60 ದಿನ ಸಮಯ ಇರುತ್ತೆ. ಯಾರದೋ ಮಾತು ಕೇಳಿ ಕದ್ದುಮುಚ್ಚಿ ಮಗುವನ್ನು ಕೊಟ್ಟುಬಿಡಬೇಡ. ಕೊನೆಗೆ ನಿನಗೂ ಮಗುವಿಗೂ ಅದು ಅಪಾಯ.

ಇನ್ನೊಂದು ಗುಂಪಿನವರೂ ಇಲ್ಲಿದ್ದಾರೆ. ಗರ್ಭಪಾತವಾಗಿ ಮಗುವನ್ನು ಕಳಕೊಂಡವರು. ತೊಟ್ಟಿಲು ತಂದಿಟ್ಟು ಬರಿಗೈಯಲ್ಲಿ ಆಸ್ಪತ್ರೆಯಿಂದ ಬಂದವರು. ಪ್ರತಿಷ್ಠೆಯ ಭಾನುವಾರ ಅವರು ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ, ಅಥವಾ ಬರುವುದೇ ಇಲ್ಲ. ಅವರಿಗೆ "ಇನ್ನೊಂದು ಆಗುತ್ತೆ ಬಿಡಿ" ಅನ್ನಬೇಡಿ. ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದ ಯೇಸುಸ್ವಾಮಿಯೇ ಸಮಾಧಿಯ ಹತ್ತಿರ ಹೋಗುವಾಗ ಅತ್ತನು. ಅವರ ಜೊತೆ ಅಳಿ. ಆ ಮಗುವನ್ನು ನೆನಪಿಸಿಕೊಂಡು ಪ್ರಾರ್ಥಿಸಿ.

ಸರಿ, ನಾವೇನು ಮಾಡೋಣ?

ಆಮೆನ್ ಹೇಳಿ ಮನೆಗೆ ಹೋದರೆ ಸಂದೇಶ ಮುಗಿದಂತೆ ಅಲ್ಲ. ಯಾಕೋಬನು ಪತ್ರದಲ್ಲಿ ಬೈಯೋದು ಅದನ್ನೇ: ಹಸಿದವರಿಗೆ ಬಟ್ಟೆ, ಊಟ ಕೊಡದೆ ಬರೀ ಒಳ್ಳೆಯ ಮಾತು ಹೇಳಿ ಕಳಿಸೋದು.

ಮೊದಲು ತಾಯಂದಿರಿಗೆ. ಅಕ್ಕ, ತಂಗಿ, ಹೇಳಿಕೊಳ್ಳೋದು ಅವಿಶ್ವಾಸ ಅಲ್ಲ. ಹನ್ನಳು ಹೇಳಿಕೊಂಡಳು. ಡಾಕ್ಟರುಗಳ ಹತ್ತಿರ ಹತ್ತು ಪ್ರಶ್ನೆಗಳ ಒಂದು ಚಿಕ್ಕ ಪಟ್ಟಿ ಇದೆ, ಎಡಿನ್‌ಬರೊ ಪಟ್ಟಿ ಅಂತಾರೆ. 1987ರಿಂದ ಬಳಕೆಯಲ್ಲಿದೆ, ಕನ್ನಡದಲ್ಲೂ ಇದೆ. ಕಳೆದ ಏಳು ದಿನ ಮನಸ್ಸು ಹೇಗಿತ್ತು ಅಂತ ಕೇಳುತ್ತೆ. ಚೆಕಪ್‌ಗೆ ಹೋದಾಗ ಅದರ ಬಗ್ಗೆ ಕೇಳಿ. ಅರ್ಧರಾತ್ರಿಯಲ್ಲಿ ಮಾತಾಡೋಕೆ ಯಾರೂ ಇಲ್ಲ ಅನಿಸಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ. 14416. ಸರ್ಕಾರದ್ದು, ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ನಾನು ಕಾಯ್ತೀನಿ. ಗಂಡಸರೂ ಮಾಡಿಕೊಳ್ಳಿ. ನಮ್ಮ ಊರಿನಲ್ಲೇ ನಿಮ್ಹಾನ್ಸ್ ಇದೆ. ಅಲ್ಲಿ ತಾಯಿಯನ್ನೂ ಮಗುವನ್ನೂ ಬೇರೆ ಮಾಡದೆ ಒಟ್ಟಿಗೇ ದಾಖಲು ಮಾಡಿಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಲ್ಲೇ ಶುರುವಾಯಿತು. ಬೇರೆ ರಾಜ್ಯದಿಂದ ಜನ ರೈಲು ಹತ್ತಿ ಬರೋ ಆಸ್ಪತ್ರೆ ನಮಗೆ ಬಿಎಂಟಿಸಿ ಬಸ್ಸಿನ ದೂರದಲ್ಲಿದೆ. ನಾಚಿಕೆ ಅಂತ ಹೋಗದೆ ಇರಬೇಡಿ.

ಎರಡನೆಯದು, ಹಕ್ಕು. ಕೆಲಸಕ್ಕೆ ಹೋಗೋ ಸಿಸ್ಟರ್‌ಗಳಿಗೆ 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಕಾನೂನಿನಲ್ಲಿದೆ. ಗರ್ಭಪಾತ ಆದರೆ ಆರು ವಾರ ರಜೆ. ಐವತ್ತು ಜನ ಅಥವಾ ಹೆಚ್ಚು ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು. ಮನೆಗೆಲಸ ಮಾಡುವ, ಅಂಗಡಿಯಲ್ಲಿ ನಿಲ್ಲುವ ನಮ್ಮ ಸಹೋದರಿಯರಿಗೆ ಆ ರಜೆ ಸಿಗದೆ ಇರಬಹುದು. ಆದರೆ ಅಂಗನವಾಡಿಯಲ್ಲಿ ಹೆಸರು ಬರೆಸಬಹುದು, ತಾಯಿ ಕಾರ್ಡ್ ಮಾಡಿಸಬಹುದು. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ ಬರುತ್ತೆ. ಹೆರಿಗೆಯಾದ ಮೇಲೆ ಆರು ವಾರದ ತನಕ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ತಾಯಿ ಮಗುವನ್ನು ನೋಡೋ ವ್ಯವಸ್ಥೆ ಇದೆ. ಈ ಅರ್ಜಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಇದೆಲ್ಲ ಓದಿಕೊಂಡ ಯೌವನಸ್ಥರಿಗೆ ಅರ್ಧ ಗಂಟೆಯ ಕೆಲಸ. ಒಬ್ಬ ತಾಯಿಯ ಜೊತೆ ಅಂಗನವಾಡಿಗೆ ಹೋಗಿ ಬನ್ನಿ. ಅದೂ ಸೇವೆಯೇ.

ಮೂರನೆಯದು ಗಂಡಂದಿರಿಗೆ. ಖಾಸಗಿ ಕಂಪನಿಗಳಲ್ಲಿ ಅಪ್ಪಂದಿರಿಗೆ ರಜೆ ಕೊಡಲೇಬೇಕು ಅನ್ನೋ ಕಾನೂನು ನಮ್ಮಲ್ಲಿಲ್ಲ. ಕೆಲವರು ವಾರ ಕೊಡ್ತಾರೆ, ಕೆಲವರು ಅದೂ ಇಲ್ಲ. ಹಾಗಿದ್ದರೂ ರಾತ್ರಿ ಒಂದು ಸಲ ಮಗುವನ್ನು ನೀವು ನೋಡಿಕೊಂಡು, ಅವಳಿಗೆ ಎಚ್ಚರ ಆಗದಂತೆ ನಾಲ್ಕೈದು ಗಂಟೆ ಮಲಗೋಕೆ ಬಿಡಿ. ಎಲೀಯ ಸಾಯಬೇಕು ಅಂತ ಮರದ ಕೆಳಗೆ ಮಲಗಿದಾಗ ದೇವರು ಮೊದಲು ಪ್ರಸಂಗ ಮಾಡಲಿಲ್ಲ. ಮಲಗಿಸಿದ, ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಿಸಿದ, ಮತ್ತೆ ತಿನ್ನಿಸಿದ. 1 ಅರಸುಗಳು 19 ಓದಿ. ಮಾತು ಆಮೇಲೆ ಬಂತು. ಇನ್ನೊಂದು ಮಾತು ಬ್ರದರ್ಸ್, ಅಪ್ಪಂದಿರಿಗೂ ಖಿನ್ನತೆ ಬರುತ್ತೆ. ಇಎಂಐ, ಆಸ್ಪತ್ರೆ ಬಿಲ್, ನಿದ್ದೆಯಿಲ್ಲದ ರಾತ್ರಿ. ಗಂಡಸು ಅಂತ ನುಂಗಿಕೊಂಡು ಕೂರಬೇಡಿ. 14416 ನಿಮಗೂ ಇದೆ.

ಅತ್ತೆಯಂದಿರೇ, ಹಿರಿಯ ಅಮ್ಮಂದಿರೇ, ನಿಮಗೆ ಕೈಮುಗಿದು ಒಂದು ಮಾತು. ನಿಮ್ಮ ಕೈಯ ಎಣ್ಣೆ, ನಿಮ್ಮ ಸಾರು, ನಿಮ್ಮ ಲಾಲಿ, ಇವು ಯಾವ ಆ್ಯಪ್‌ನಲ್ಲೂ ಸಿಗಲ್ಲ. ನೀವು ನಮಗೆ ಬೇಕು. ಆದರೆ ಹೋಲಿಕೆ ಮಾಡಬೇಡಿ. ಸಿಸೇರಿಯನ್ ಆದವಳಿಗೆ ನೋವು ತಿನ್ನದವಳು ಅನ್ನಬೇಡಿ. ಹಾಲು ಕಡಿಮೆ ಆದರೆ ಮಾತಿನಲ್ಲಿ ಚುಚ್ಚಬೇಡಿ. ಹೆಣ್ಣು ಮಗು ಅಂತ ಮುಖ ಸಣ್ಣ ಮಾಡಬೇಡಿ. ಎಲಿಸಬೇತಳು ವಯಸ್ಸಾದವಳು, ಮರಿಯಳು ಚಿಕ್ಕ ಹುಡುಗಿ. ಹಿರಿಯವಳು ಕಿರಿಯವಳನ್ನು ಮೊದಲು ಆಶೀರ್ವದಿಸಿದಳು. ಆ ಸ್ಥಾನ ನಿಮ್ಮದು.

ಕೊನೆಯದು ನಮಗೆಲ್ಲ, ಸಭೆಯಾಗಿ. ಇವತ್ತು ಹೊರಗಡೆ ಟೇಬಲ್ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಒಂದು ಪುಟದಲ್ಲಿ ವಾರಕ್ಕೊಂದು ಊಟ ಮಾಡಿ ಕೊಡಬಲ್ಲವರು ಹೆಸರು ಬರೀರಿ. ಇನ್ನೊಂದರಲ್ಲಿ ಎರಡು ಗಂಟೆ ಮಗುವನ್ನು ನೋಡಿಕೊಳ್ಳಬಲ್ಲ ಹಿರಿಯ ಸಹೋದರಿಯರು. ಮತ್ತೊಂದರಲ್ಲಿ ರಾತ್ರಿ ಎಷ್ಟೊತ್ತಿಗೆ ಕರೆದರೂ ಆಸ್ಪತ್ರೆಗೆ ಗಾಡಿ ತರಬಲ್ಲ ಬ್ರದರ್ಸ್. ಪ್ರತಿ ತಾಯಿಗೆ ಒಬ್ಬ ಸಹೋದರಿಯನ್ನು ಜೊತೆ ಮಾಡ್ತೇವೆ, ಮೂರು ತಿಂಗಳು. ಎಲಿಸಬೇತಳ ಲೆಕ್ಕ. ಹೋಗೋ ಮುಂಚೆ ಫೋನ್ ಮಾಡಿ ಕೇಳಿ ಹೋಗಿ. ಅಲ್ಲಿ ಕೇಳಿದ ಮಾತು ಅಲ್ಲೇ ಇರಲಿ. ಪ್ರಾರ್ಥನೆ ವಿಷಯ ಅಂತ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಹಾಗೆ ಹಾಕಿದ ದಿನ ಆ ಬಾಗಿಲು ಮುಚ್ಚುತ್ತೆ, ಆಮೇಲೆ ಅವಳು ಯಾರನ್ನೂ ನಂಬಲ್ಲ. ತಾನು ಬದುಕಿರಬಾರದು ಅನ್ನೋ ಮಾತು ಬಂದರೆ ಮಾತ್ರ ಗುಟ್ಟು ಅಂತ ಇಟ್ಟುಕೊಳ್ಳಬೇಡಿ. ಅವಳ ಜೊತೆಗೇ ಕೂತು, ಅವಳಿಗೆ ಹೇಳಿಯೇ, ಅವಳ ಮನೆಯವರನ್ನೂ ಡಾಕ್ಟರನ್ನೂ ಕರೆಯಿರಿ.

ಮುಗಿಸ್ತೀನಿ. ಏಲಿಯ ಸೊಸೆಯ ಸುತ್ತ ಹೆಂಗಸರಿದ್ದರು, ಮಾತುಗಳಿದ್ದವು, ಅವಳು ಉತ್ತರ ಕೊಡದೆ ಹೋದಳು. ಅವಳ ಮೌನವನ್ನು ದೇವರು ತನ್ನ ಪುಸ್ತಕದಲ್ಲಿ ಬರೆಸಿ ಇಟ್ಟಿದ್ದಾನೆ. ಯಾಕೆ? ನಮ್ಮ ಮಧ್ಯದಲ್ಲಿ ಇನ್ನೊಬ್ಬಳು ಹಾಗೆ ಮೌನವಾಗಿ ಹೋಗಬಾರದು ಅಂತ. ಈ ಭಾನುವಾರ ಉತ್ತರ ಕೊಡದೆ ಕೂತಿರುವ ಸಹೋದರಿ ಯಾರು ಅಂತ ಪವಿತ್ರಾತ್ಮನು ನಿಮ್ಮಲ್ಲಿ ಒಬ್ಬರಿಗೆ ನೆನಪು ಮಾಡ್ತಾ ಇದ್ದಾನೆ. ಆ ಹೆಸರು ಬಂದಿದ್ದರೆ ಇವತ್ತೇ ಹೋಗಿ.

ಎಲ್ಲರೂ ಎದ್ದು ನಿಲ್ಲೋಣ. ಬಸುರಿಯರು, ಬಾಣಂತಿಯರು, ಕೈಯಲ್ಲಿ ಮಗು ಇರುವವರು ಕೂತೇ ಇರಿ. ನಿಂತು ದಣಿಯಬೇಡಿ.

ಪರಲೋಕದ ತಂದೆಯೇ, ಹೆಣ್ಣಿನ ಗರ್ಭದಲ್ಲಿ ನಿಮ್ಮ ಮಗನನ್ನು ಇಡಲು ನೀವು ನಾಚಿಕೆ ಪಡಲಿಲ್ಲ. ನಮ್ಮ ಮಧ್ಯದಲ್ಲಿರುವ ಪ್ರತಿ ತಾಯಿಯನ್ನು ನೋಡು ಕರ್ತನೇ. ನಿದ್ದೆಯಿಲ್ಲದವಳಿಗೆ ನಿದ್ದೆ ಕೊಡು. ಹೇಳಲಾಗದವಳಿಗೆ ಕೇಳುವ ಕಿವಿಯನ್ನು ಕಳುಹಿಸು. ಮಗುವನ್ನು ಕಳೆದುಕೊಂಡವಳ ಪಕ್ಕದಲ್ಲಿ ಕೂತುಕೋ. ಚಿಕಿತ್ಸೆ ಕೊಡುವ ಡಾಕ್ಟರುಗಳ, ನರ್ಸುಗಳ, ಕೌನ್ಸೆಲರುಗಳ, ಮನೆಮನೆಗೆ ನಡೆದು ಹೋಗುವ ಆಶಾ ಅಕ್ಕಂದಿರ ಕೈಗಳನ್ನು ಆಶೀರ್ವದಿಸು. ತವರಿಲ್ಲದವಳಿಗೆ ಈ ಸಭೆಯನ್ನು ತವರು ಮಾಡು. ನಮ್ಮ ಬಾಯಿಗೆ ಮೊದಲು ಆಶೀರ್ವಾದ ಕೊಡು, ಸಲಹೆ ಆಮೇಲೆ ಬರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.

ಹೋಗುವಾಗ ನೋಟ್‌ಬುಕ್ ಮರೀಬೇಡಿ. ದೇವರು ನಿಮ್ಮನ್ನು ಆಶೀರ್ವದಿಸಲಿ.